ಯಾವ ನಕ್ಷತ್ರನೌಕೆಗೆ ಯಾವ ರಿಯಾಯಿತಿ?

‘ಸ್ಟಾರ್ ಟ್ರೆಕ್’ನ ಎಂಟರ್‌ಪ್ರೈಸ್ ಹೆಚ್ಚು ವೇಗವೋ, ‘ಸ್ಟಾರ್ ವಾರ್ಸ್’ನ ಮಿಲೇನಿಯಂ ಫಾಲ್ಕನ್ ಹೆಚ್ಚು ವೇಗವೋ ಎಂಬ ಚರ್ಚೆ ಸಾಮಾನ್ಯವಾಗಿ ಮೊದಲ ಅಂಕಿಯಲ್ಲೇ ದಾರಿ ತಪ್ಪುತ್ತದೆ. ಎಂಟರ್‌ಪ್ರೈಸ್ ‘ವಾರ್ಪ್ 6’ರಲ್ಲಿ ಹೊರಟಿದೆ ಎನ್ನೋಣ. 1966ರ ಮೂಲ ಸರಣಿಯ ಲೆಕ್ಕದಲ್ಲಿ ವಾರ್ಪ್ ಸಂಖ್ಯೆಯ ಘನ ಎಷ್ಟೋ ಬೆಳಕಿನ ವೇಗದ ಅಷ್ಟು ಪಟ್ಟು. 6ರ ಘನ 216, ಹಾಗಾಗಿ 216 ಪಟ್ಟು. 1987ರಲ್ಲಿ ಬಂದ ‘ನೆಕ್ಸ್ಟ್ ಜನರೇಶನ್’ ಅಳತೆಗೋಲನ್ನೇ ಬದಲಿಸಿತು. ಅಲ್ಲಿ ಅದೇ ವಾರ್ಪ್ 6 ಎಂದರೆ ಸುಮಾರು 392 ಪಟ್ಟು, ವಾರ್ಪ್ 9 ಎಂದರೆ ಸುಮಾರು 1,516 ಪಟ್ಟು, ವಾರ್ಪ್ 10 ಎಂದರೆ ಅನಂತ. ಬೆಳಕಿನ ವೇಗ ದಾಟಿಸುವ ಫಾಲ್ಕನ್‌ನ ಎಂಜಿನ್, ಅಂದರೆ ಹೈಪರ್‌ಡ್ರೈವ್, ‘ಕ್ಲಾಸ್ 0.5’. ಇಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ನೌಕೆ ಚುರುಕು. ಅದು ಕೆಸೆಲ್ ಓಟ ಎಂಬ ಕಳ್ಳಸಾಗಣೆಯ ದಾರಿಯನ್ನು 12 ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಮುಗಿಸಿತು ಎಂಬ ಹೆಗ್ಗಳಿಕೆಯನ್ನು ಕಾಲದ ದಾಖಲೆ ಎಂದು ಓದುವವರು ಈಗಲೂ ಇದ್ದಾರೆ. ಪಾರ್ಸೆಕ್ ದೂರದ ಅಳತೆ, ಒಂದು ಪಾರ್ಸೆಕ್‌ಗೆ ಸುಮಾರು 3.26 ಜ್ಯೋತಿರ್ವರ್ಷ. ಅಪಾಯದ ಒಳದಾರಿ ಹಿಡಿದು ದೂರವನ್ನೇ ಕಡಿತಗೊಳಿಸಿದ ಕಥೆಯನ್ನು 2018ರ ಚಿತ್ರ ಬಿಡಿಸಿ ತೋರಿಸಿತು.

ಹೀಗಿರುವಾಗ ಅಂಕಿಗೆ ಅಂಕಿ ತಾಳೆ ಹಾಕಿ ಫಲವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಕಥಾಲೋಕ ಭೌತವಿಜ್ಞಾನದಿಂದ ಯಾವ ರಿಯಾಯಿತಿ ಪಡೆದಿದೆ, ಅದಕ್ಕೆ ಯಾವ ಬೆಲೆ ತೆರುತ್ತಿದೆ? ನೌಕೆಯ ಆಕಾರ, ಯುದ್ಧದ ರೀತಿ, ವ್ಯಾಪಾರದ ಹಿಡಿತ, ಕೊನೆಗೆ ನೌಕೆ ಕೆಡುವ ಬಗೆಯೂ ಆ ಬೆಲೆಯಿಂದಲೇ ಹುಟ್ಟುತ್ತವೆ. ಐದು ಕಡೆ ಹುಡುಕಿದರೆ ಉತ್ತರ ಸಿಗುತ್ತದೆ: ಶಕ್ತಿ ಎಲ್ಲಿಂದ ಬರುತ್ತದೆ, ನೌಕೆಯನ್ನು ತಳ್ಳುವುದು ಏನು, ಬಿಸಿ ಎಲ್ಲಿಗೆ ಹೋಗುತ್ತದೆ, ಒಳಗಿನ ಜನ ಹೇಗೆ ಬದುಕಿ ಉಳಿಯುತ್ತಾರೆ, ಬೆಳಕಿನ ವೇಗದ ಗೋಡೆಯನ್ನು ದಾಟುವುದು ಹೇಗೆ.

ರಿಯಾಯಿತಿ ಇಲ್ಲದಿದ್ದರೆ

ಮೊದಲು ನಿಜ ಜಗತ್ತಿನ ಸ್ಥಿತಿ ತಿಳಿದಿರಬೇಕು. ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಸೂರ್ಯನ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರ. ವಾಯೇಜರ್ ವೇಗದಲ್ಲಿ ಅಷ್ಟು ದೂರಕ್ಕೆ ಸುಮಾರು 75,000 ವರ್ಷ ಬೇಕು.

ಇಂಧನ ಹೆಚ್ಚು ತುಂಬಿದರಾಯಿತಲ್ಲ ಎಂದರೆ ಅಡ್ಡ ಬರುವುದು ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ರಾಕೆಟ್ ಸಮೀಕರಣ. ರಾಕೆಟ್ ಹಿಂದಕ್ಕೆ ಉಗುಳುವ ಅನಿಲದ ವೇಗ ಎಷ್ಟಿದೆಯೋ ಅಷ್ಟೇ ವೇಗವನ್ನು ತಾನು ಗಳಿಸಬೇಕಾದರೆ, ಹೊರಡುವಾಗಿನ ತೂಕ ಖಾಲಿ ತೂಕದ 2.7 ಪಟ್ಟು ಇರಬೇಕು. ಅದರ ಎರಡರಷ್ಟು ವೇಗಕ್ಕೆ 7.4 ಪಟ್ಟು, ಮೂರರಷ್ಟಕ್ಕೆ 20 ಪಟ್ಟು. ಇಂಧನ ಹೊರಲು ಇಂಧನ, ಆ ಇಂಧನ ಹೊರಲು ಮತ್ತಷ್ಟು ಇಂಧನ. ಒಳ್ಳೆಯ ರಾಸಾಯನಿಕ ಎಂಜಿನ್ ಅನಿಲವನ್ನು ಸೆಕೆಂಡಿಗೆ 4.5 ಕಿಲೋಮೀಟರ್ ಆಸುಪಾಸಿನಲ್ಲಿ ಉಗುಳುತ್ತದೆ. ನಾಸಾದ ಡಾನ್ ನೌಕೆಯ ಅಯಾನ್ ಎಂಜಿನ್ ಸುಮಾರು 30 ಕಿಲೋಮೀಟರ್ ಮುಟ್ಟಿತ್ತು, ಆದರೆ ಅದರ ತಳ್ಳುಬಲ ಅಂಗೈ ಮೇಲಿಟ್ಟ ಒಂದೆರಡು ಹಾಳೆ ಕಾಗದದ ಭಾರದಷ್ಟು ಮಾತ್ರ. ಉಗುಳುವ ವೇಗ ಮತ್ತು ತಳ್ಳುವ ಬಲ ಎರಡೂ ಒಟ್ಟಿಗೆ ಬೇಕೆಂದರೆ ಶಕ್ತಿಯ ಲೆಕ್ಕ ಮುಗಿಲಿಗೆ ಏರುತ್ತದೆ.

ಎಷ್ಟು ಏರುತ್ತದೆಂದು ‘ದಿ ಎಕ್ಸ್‌ಪಾನ್ಸ್’ ಕಥಾಸರಣಿಯ ಎಪ್‌ಸ್ಟೀನ್ ಡ್ರೈವ್ ಇಟ್ಟುಕೊಂಡು ನೋಡೋಣ. ಇದು ಬೈಜಿಕ ಸಮ್ಮಿಲನದ ಎಂಜಿನ್. ದಾರಿಯ ಅರ್ಧದವರೆಗೆ ನೌಕೆ ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗುತ್ತದೆ, ನಡುವೆ ಎಂಜಿನ್ ಆರಿಸಿ ಹಿಂದುಮುಂದಾಗಿ ತಿರುಗುತ್ತದೆ, ಉಳಿದರ್ಧ ಅದೇ ಎಂಜಿನ್‌ನಿಂದ ವೇಗ ಇಳಿಸುತ್ತದೆ. ಮಂಗಳ 22.5 ಕೋಟಿ ಕಿಲೋಮೀಟರ್ ದೂರದಲ್ಲಿದೆ, ವೇಗೋತ್ಕರ್ಷ ಭೂಮಿಯ ಗುರುತ್ವದಷ್ಟು, ಅಂದರೆ 1 ಜಿ ಎಂದಿಟ್ಟುಕೊಳ್ಳಿ. ಪ್ರಯಾಣ ಮೂರೂವರೆ ದಿನದ್ದು. ನಡುದಾರಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 1,500 ಕಿಲೋಮೀಟರ್. ಏರಿಸಿದ್ದು, ಇಳಿಸಿದ್ದು ಎರಡೂ ಸೇರಿದರೆ ಹತ್ತಿರಹತ್ತಿರ 3,000. ರಾಸಾಯನಿಕ ಎಂಜಿನ್‌ನಲ್ಲಿ ಇದನ್ನು ಮಾಡಹೊರಟರೆ ತೂಕದ ಅನುಪಾತ 1ರ ಮುಂದೆ ಸುಮಾರು 286 ಸೊನ್ನೆ ಬರೆಯುವಷ್ಟು. ಕಣ್ಣಿಗೆಟುಕುವ ವಿಶ್ವದ ಎಲ್ಲ ಪರಮಾಣುಗಳ ಎಣಿಕೆಗೇ 80 ಸೊನ್ನೆ ಸಾಕು.

ಉಗುಳುವ ವೇಗವನ್ನೇ ಸೆಕೆಂಡಿಗೆ 3,000 ಕಿಲೋಮೀಟರ್, ಅಂದರೆ ಬೆಳಕಿನ ವೇಗದ ನೂರರಲ್ಲೊಂದು ಭಾಗಕ್ಕೆ ಏರಿಸಿದರೆ ಅನುಪಾತ 2.7ಕ್ಕೆ ಇಳಿದು ನೌಕೆ ಕಟ್ಟಬಹುದಾದ ವಸ್ತುವಾಗುತ್ತದೆ. ಆದರೆ 1,000 ಟನ್ ನೌಕೆಯನ್ನು ಹಾಗೆ 1 ಜಿಯಲ್ಲಿ ತಳ್ಳಲು ಬೇಕಾಗುವ ಶಕ್ತಿ ಸುಮಾರು 15 ಟೆರಾವ್ಯಾಟ್. ಇಡೀ ಮನುಕುಲ ಇಂದು ಎಲ್ಲ ಮೂಲಗಳಿಂದ ಬಳಸುವ ಶಕ್ತಿ ಸರಾಸರಿ 20 ಟೆರಾವ್ಯಾಟ್ ಆಸುಪಾಸು. ಒಂದು ಸಾಧಾರಣ ನೌಕೆಯ ಬಾಲದಲ್ಲಿ ಅದರ ಮುಕ್ಕಾಲು ಪಾಲು ಉರಿಯುತ್ತಿರುತ್ತದೆ! ಅಂಥ ಎಂಜಿನ್ ಹೊತ್ತು ನಿಮಗೆ ಬೆನ್ನು ತಿರುಗಿಸಿ ನಿಂತ ನೌಕೆಯನ್ನು ನಿರಾಯುಧ ಎನ್ನಲಾಗದು. ಆ ಜ್ವಾಲೆಯೇ ಆಯುಧ.

ಎಂಜಿನ್ ವಿಷಯದಲ್ಲಿ ಎಕ್ಸ್‌ಪಾನ್ಸ್ ಬಾಯಿಬಿಟ್ಟು ಪಡೆದ ರಿಯಾಯಿತಿ ಇಷ್ಟೆ: ಅದರ ದಕ್ಷತೆ. ಮಿಕ್ಕದ್ದಕ್ಕೆ ಬಹುಮಟ್ಟಿಗೆ ಅದು ಪೂರ್ತಿ ಬೆಲೆ ಕೊಡುತ್ತದೆ. ಎಂಜಿನ್ ತಳ್ಳುವ ದಿಕ್ಕಿಗೆ ಎದುರಾಗಿ ‘ಕೆಳಗೆ’ ಹುಟ್ಟುವುದರಿಂದ ರೋಸಿನಾಂಟೆ ನೌಕೆಯ ಅಂತಸ್ತುಗಳು ಹಡಗಿನಂತೆ ಉದ್ದಕ್ಕೆ ಚಾಚದೆ, ಬಹುಮಹಡಿ ಕಟ್ಟಡದಂತೆ ಒಂದರ ಮೇಲೊಂದು ನಿಂತಿವೆ. ಎಂಜಿನ್ ಆರಿದರೆ ತೂಕವೂ ಹೋಗುತ್ತದೆ, ಕಾಂತದ ಬೂಟು ಬೇಕಾಗುತ್ತದೆ. ಹೆಚ್ಚು ಜಿಯಲ್ಲಿ ರಕ್ತ ಮೆದುಳಿನಿಂದ ಹಿಂದೆ ಸರಿಯುತ್ತದೆ, ನಾಳ ಒಡೆದು ಪಾರ್ಶ್ವವಾಯು ಬಡಿಯಬಹುದು. ಅದಕ್ಕೇ ಮೈಯನ್ನು ಅಪ್ಪಿಹಿಡಿಯುವ ಆಸನ, ರಕ್ತನಾಳಕ್ಕೆ ಸೇರಿಸುವ ಔಷಧ ಮಿಶ್ರಣ. ಈ ಡ್ರೈವ್ ಕಂಡುಹಿಡಿದ ಪಾತ್ರವೇ ಮೊದಲ ಪರೀಕ್ಷೆಯಲ್ಲಿ, ತನ್ನ ತೂಕವೇ ತನ್ನ ಮೇಲೆ ಕೂತು, ಎಂಜಿನ್ ಆರಿಸಲು ಕೈ ಎತ್ತಲಾಗದೆ ಸಾಯುತ್ತದೆ. ತಂತ್ರಜ್ಞಾನದ ಮಿತಿಯನ್ನು ಇಷ್ಟು ಚೊಕ್ಕವಾಗಿ ಕಥೆಯಾಗಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಿಸಿ ಎಲ್ಲಿಗೆ ಹೋಯಿತು?

ನಿರ್ವಾತದಲ್ಲಿ ನೌಕೆ ತಣ್ಣಗಾಗುವುದು ಸುಲಭವಲ್ಲ. ಸುತ್ತ ಗಾಳಿಯಿಲ್ಲ, ನೀರಿಲ್ಲ. ಬಿಸಿಗೆ ಇರುವ ಹೊರದಾರಿ ವಿಕಿರಣ ಒಂದೇ. ವಿಕಿರಣ ಹೊರಹೋಗುವ ಪ್ರಮಾಣ ತಾಪದ ನಾಲ್ಕನೇ ಘಾತಕ್ಕೆ ಅನುಗುಣ, ಹಾಗಾಗಿ ಕೆಲ್ವಿನ್ ಲೆಕ್ಕದಲ್ಲಿ ತಾಪ ಎರಡರಷ್ಟಾದರೆ ಹೊರಬೀಳುವ ಬಿಸಿ 16 ಪಟ್ಟು. ಹಾಗಾಗಿ ಬಲಶಾಲಿ ನೌಕೆಯ ರೇಡಿಯೇಟರ್ ಕೆಂಪಗೆ ಕಾದಿರಲೇಬೇಕು.

ಮೇಲಿನ 15 ಟೆರಾವ್ಯಾಟ್‌ನಲ್ಲಿ ಬರೀ ನೂರರಲ್ಲೊಂದು ಭಾಗ ನೌಕೆಯೊಳಗೇ ಉಳಿಯಿತು ಎನ್ನಿ. ಅದು 150 ಗಿಗಾವ್ಯಾಟ್. 1,500 ಕೆಲ್ವಿನ್‌ಗೆ ಕಾದ, ಎರಡೂ ಮುಖದಿಂದ ಬಿಸಿ ಚೆಲ್ಲುವ ಹಲಗೆಗಳನ್ನು ಹರಡಿದರೂ ಸುಮಾರು ಕಾಲು ಚದರ ಕಿಲೋಮೀಟರ್ ಬೇಕು, ಅಂದರೆ ಅರ್ಧ ಕಿಲೋಮೀಟರ್ ಉದ್ದಗಲದ ಚೌಕ. ರೋಸಿನಾಂಟೆಯ ಮೈಮೇಲೆ ಅಂಥದ್ದು ಕಾಣುವುದಿಲ್ಲ. ದಕ್ಷತೆಯ ಜೊತೆಗೆ ಬಿಸಿಯ ವಿಷಯದಲ್ಲೂ ಆ ಲೋಕ ಸದ್ದಿಲ್ಲದೆ ಇನ್ನೊಂದು ರಿಯಾಯಿತಿ ಪಡೆದಿದೆ ಎಂದು ಗುರುತು ಹಾಕಿಕೊಳ್ಳಬೇಕು.

ಈ ಲೆಕ್ಕ ಒಪ್ಪಿಸಿದ ನೌಕೆ 2009ರ ‘ಅವತಾರ್’ನದು. ಆರಂಭದಲ್ಲಿ ಕೆಲವೇ ಕ್ಷಣ ಕಾಣುವ ವೆಂಚರ್ ಸ್ಟಾರ್‌ನಲ್ಲಿ ಎಂಜಿನ್‌ಗಳ ಪಕ್ಕದಲ್ಲೇ ಕೆಂಪಗೆ ಹೊಳೆಯುವ ಭಾರೀ ರೇಡಿಯೇಟರ್‌ಗಳಿವೆ. ಎಂಜಿನ್‌ಗಳು ಹಿಂದಿನಿಂದ ತಳ್ಳದೆ ಮುಂದಿನಿಂದ ಎಳೆಯುತ್ತವೆ, ಜನರಿರುವ ಭಾಗ ಉದ್ದನೆಯ ಚೌಕಟ್ಟಿನ ಆಚೆ ತುದಿಯಲ್ಲಿದೆ. ತಳ್ಳುವ ಕಂಬ ಬಾಗದಂತೆ ದಪ್ಪವಿರಬೇಕು, ಎಳೆಯುವುದಕ್ಕೆ ಹಗ್ಗದಂಥ ತೆಳು ಚೌಕಟ್ಟು ಸಾಕು. ತೂಕ ಉಳಿಯಿತು, ವಿಕಿರಣದಿಂದ ದೂರವೂ ಸಿಕ್ಕಿತು. ವೇಗ ಬೆಳಕಿನ ಹತ್ತರಲ್ಲಿ ಏಳು ಪಾಲು, ಆಲ್ಫಾ ಸೆಂಟಾರಿಗೆ ಸುಮಾರು ಆರು ವರ್ಷದ ಪ್ರಯಾಣ, ಅಷ್ಟು ಕಾಲ ಪ್ರಯಾಣಿಕರಿಗೆ ಶೀತನಿದ್ರೆ. ಇದಕ್ಕೆ ಎದುರು ಉದಾಹರಣೆ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಡಿಸ್ಕವರಿ. ವಿನ್ಯಾಸದ ಹಂತದಲ್ಲಿ ಅದಕ್ಕೂ ರೇಡಿಯೇಟರ್ ಇದ್ದವು. ನೋಡುಗರು ರೆಕ್ಕೆ ಎಂದುಕೊಂಡಾರು ಎಂಬ ಕಾರಣಕ್ಕೆ ತೆಗೆದರು.

‘ಮಾಸ್ ಎಫೆಕ್ಟ್’ ಆಟ ಬಿಸಿಯನ್ನೇ ತಂತ್ರವಾಗಿ ಬಳಸಿತು. ನಾರ್ಮಂಡಿ ನೌಕೆ ಅಡಗಬೇಕಾದಾಗ ಬಿಸಿಯನ್ನು ಹೊರಬಿಡದೆ ಒಳಗಿನ ಶೇಖರಣೆಗಳಲ್ಲಿ ತುಂಬಿಕೊಳ್ಳುತ್ತದೆ. ಕೆಲವು ಗಂಟೆ ಮಾತ್ರ. ಆಮೇಲೂ ಬಿಡದಿದ್ದರೆ ಸಿಬ್ಬಂದಿ ಒಳಗೇ ಬೇಯುತ್ತಾರೆ. ಅಲ್ಲಿ ನೌಕೆಗಳಿಗೆ ಇನ್ನೊಂದು ಪೀಡೆಯೂ ಇದೆ. ಡ್ರೈವ್‌ನ ಗರ್ಭದಲ್ಲಿ ವಿದ್ಯುದಂಶ ಸೇರುತ್ತ ಹೋಗುತ್ತದೆ. ನಡುನಡುವೆ ಗ್ರಹವೊಂದರ ಕಾಂತಕ್ಷೇತ್ರದಲ್ಲಿ ಅದನ್ನು ಇಳಿಸಬೇಕು, ತಪ್ಪಿದರೆ ಅದು ನೌಕೆಯ ಮೈಗೇ ಹಾಯುತ್ತದೆ. ಎಲ್ಲಿ ಬೇಕೆಂದರಲ್ಲಿ ಸುತ್ತಾಡುವ ಸ್ವಾತಂತ್ರ್ಯ ಇದರಿಂದ ತಾನಾಗಿ ಕಡಿತವಾಗುತ್ತದೆ.

ಪ್ರತಿದ್ರವ್ಯ ಮತ್ತು ಗುಳ್ಳೆ

ಸ್ಟಾರ್ ಟ್ರೆಕ್‌ನಲ್ಲಿ ಇಂಧನ ಡೈಲಿಥಿಯಂ ಎಂದು ತಿಳಿದವರು ಬಹಳ. ಇಂಧನ ಡ್ಯೂಟೀರಿಯಂ (ಭಾರ ಜಲಜನಕ) ಮತ್ತು ಅದರ ಪ್ರತಿದ್ರವ್ಯ, ಅಂದರೆ ಆ್ಯಂಟಿಮ್ಯಾಟರ್. ಎರಡೂ ಕೂಡಿದರೆ ಪೂರ್ತಿ ದ್ರವ್ಯರಾಶಿ ಶಕ್ತಿಯಾಗುತ್ತದೆ. ಡೈಲಿಥಿಯಂ ಹರಳು ಆ ಕೂಡಿಕೆಯನ್ನು ಹದದಲ್ಲಿಡುವ ಭಾಗ, ಅದು ಬಿರುಕುಬಿಟ್ಟರೆ ಇಂಧನ ತುಂಬಿದ್ದರೂ ನೌಕೆ ವಾರ್ಪ್‌ಗೆ ಹೋಗಲಾರದು. ‘ಡ್ಯೂನ್’ನ ಸ್ಪೈಸ್ ಎಂಬ ಮಾದಕ ವಸ್ತುವಿನ ಬಗ್ಗೆಯೂ ಇದೇ ತಪ್ಪು ಆಗುತ್ತದೆ, ಅದಕ್ಕೆ ಆಮೇಲೆ ಬರೋಣ.

ಒಂದು ಕಿಲೋ ಪ್ರತಿದ್ರವ್ಯ ಒಂದು ಕಿಲೋ ದ್ರವ್ಯದೊಡನೆ ಸೇರಿದರೆ ಬಿಡುಗಡೆಯಾಗುವುದು 43 ಮೆಗಾಟನ್ ಟಿಎನ್‌ಟಿಯಷ್ಟು ಶಕ್ತಿ. ನಿಜ ಪ್ರಯೋಗಾಲಯಗಳಲ್ಲಿ ಇದುವರೆಗೆ ತಯಾರಾದ ಪ್ರತಿದ್ರವ್ಯವನ್ನೆಲ್ಲ ಗುಡ್ಡೆಹಾಕಿದರೂ ಒಂದು ಗ್ರಾಂನ ಕೋಟಿಯಲ್ಲೊಂದು ಪಾಲೂ ಆಗದು. ತಯಾರಿಸಲು ತಗಲುವ ಶಕ್ತಿ ಅದು ಮರಳಿ ಕೊಡುವುದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಪ್ರತಿದ್ರವ್ಯ ಶಕ್ತಿಯ ಮೂಲವಲ್ಲ, ಶಕ್ತಿಯನ್ನು ಕೂಡಿಡುವ ಡಬ್ಬಿ. ಆ ಡಬ್ಬಿಯ ಗೋಡೆಯನ್ನು ಅದು ಮುಟ್ಟಲೇಕೂಡದು, ಕಾಂತಕ್ಷೇತ್ರದಲ್ಲಿ ತೇಲುತ್ತಿರಬೇಕು. ಕ್ಷೇತ್ರ ಕ್ಷಣ ಕೈಕೊಟ್ಟರೆ ನೌಕೆ ಇಲ್ಲ. ಸರಣಿಗಳಲ್ಲಿ ಈ ಕೂಡಿಕೆ ನಡೆಯುವ ವಾರ್ಪ್ ಗರ್ಭವನ್ನು ಕಿತ್ತು ಹೊರಗೆಸೆಯುವ ವ್ಯವಸ್ಥೆ ಇರುವುದು ಇದಕ್ಕೇ. 1994ರ ‘ಜನರೇಶನ್ಸ್’ ಚಿತ್ರದಲ್ಲಿ ಶೀತಕ ಸೋರಿ ಗರ್ಭ ಸ್ಫೋಟಿಸುವ ಮೊದಲು ಜನರೆಲ್ಲ ತಟ್ಟೆಯಾಕಾರದ ಮುಂಭಾಗಕ್ಕೆ ಓಡಿ ಅದನ್ನು ಬೇರ್ಪಡಿಸಿಕೊಳ್ಳಬೇಕಾಗುತ್ತದೆ.

ಅದೇ 1994ರಲ್ಲಿ ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯರೆ, ನೌಕೆಯ ಮುಂದಿನ ಅವಕಾಶವನ್ನು (ಸ್ಪೇಸ್) ಕುಗ್ಗಿಸಿ ಹಿಂದಿನದನ್ನು ಹಿಗ್ಗಿಸುವ ಗುಳ್ಳೆಯೊಂದು ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳಿಗೆ ಹೊಂದುತ್ತದೆ ಎಂದು ತೋರಿಸಿದ. ಗುಳ್ಳೆಯೊಳಗೆ ನೌಕೆ ನಿಂತಲ್ಲೇ ಇರುವುದರಿಂದ ಸವಾರರಿಗೆ ಎಳೆತವೇ ತಗಲದು. ತೊಡಕು ಎರಡು. ಅದಕ್ಕೆ ಋಣ ಶಕ್ತಿ ಬೇಕು, ಅಷ್ಟು ಪ್ರಮಾಣದಲ್ಲಿ ಅದು ಸಿಗುವ ದಾರಿ ಯಾರಿಗೂ ಗೊತ್ತಿಲ್ಲ. ಮತ್ತೆ, ಬೆಳಕಿಗಿಂತ ವೇಗವಾಗಿ ಸಾಗುವ ಗುಳ್ಳೆಯ ಮುಂಗೋಡೆಗೆ ಒಳಗಿನಿಂದ ಯಾವ ಸಂಕೇತವೂ ತಲುಪದು, ಅಂದರೆ ಕುಳಿತವರ ಕೈಯಲ್ಲಿ ಬ್ರೇಕ್ ಇಲ್ಲ.

ಟ್ರೆಕ್ ಪಡೆದ ದೊಡ್ಡ ರಿಯಾಯಿತಿ ವಾರ್ಪ್ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ವೇಗ ಏರಿಳಿದಾಗ ಒಳಗಿನವರಿಗೆ ತಗಲುವ ಎಳೆತವನ್ನು ಅಳಿಸುವ ಯಂತ್ರ, ಜಡತ್ವ ಶಮನಕ. 1991ರ ತಾಂತ್ರಿಕ ಕೈಪಿಡಿಯ ಪ್ರಕಾರ ವಾರ್ಪ್ ಇಲ್ಲದ ಸಾಮಾನ್ಯ ಇಂಪಲ್ಸ್ ಚಾಲನೆಯ ಮಿತಿ ಬೆಳಕಿನ ವೇಗದ ಕಾಲುಭಾಗ. ನಿಂತ ನೌಕೆ ಹತ್ತು ಸೆಕೆಂಡಿನಲ್ಲಿ ಆ ವೇಗ ಮುಟ್ಟಿದರೆ ಒಳಗಿನವರ ಮೇಲೆ ಬೀಳುವುದು ಏಳೂವರೆ ಲಕ್ಷ ಜಿ. ಶಮನಕ ನೂರಕ್ಕೆ 99.99 ಪಾಲು ಅಳಿಸಿಹಾಕಿದರೂ ಉಳಿಯುವ 75 ಜಿ ಸಾವಿಗೆ ಸಾಕು. ಇಷ್ಟು ನಿಖರವಾದ ಯಂತ್ರವಿದ್ದೂ ಶತ್ರುವಿನ ಹೊಡೆತಕ್ಕೆ ಜನ ಕುರ್ಚಿಯಿಂದ ಉರುಳುವುದೇಕೆ? ಒಪ್ಪಬಹುದಾದ ವಿವರಣೆ ಹೀಗೆ: ಚಾಲಕನ ಆದೇಶ ಶಮನಕಕ್ಕೆ ಮೊದಲೇ ತಿಳಿದಿರುತ್ತದೆ, ಹೊಡೆತ ಹೇಳಿಕೇಳಿ ಬರುವುದಿಲ್ಲ.

ಈ ಯಂತ್ರವಿಲ್ಲದ ಲೋಕಗಳು ತೂಕ ಬೇಕೆಂದರೆ ತಿರುಗಬೇಕು. ‘ಬ್ಯಾಬಿಲಾನ್ 5’ ಸರಣಿಯಲ್ಲಿ ಭೂಮಿಯ ಒಮೆಗಾ ಯುದ್ಧನೌಕೆಗಳ ನಡುಭಾಗ ಸುತ್ತುತ್ತಿರುತ್ತದೆ, ಮುಂದುವರಿದ ಅನ್ಯಗ್ರಹದ ಮಿನ್‌ಬಾರಿಗಳ ನೌಕೆಗಳಿಗೆ ಆ ಕಷ್ಟವಿಲ್ಲ. ಯಾರ ತಂತ್ರಜ್ಞಾನ ಮೇಲು ಎಂದು ಮಾತಿಲ್ಲದೆ ತೋರಿಸುವ ಜಾಣ ವಿನ್ಯಾಸ. ತಿರುಗುವ ಚಕ್ರಕ್ಕೂ ಲೆಕ್ಕವಿದೆ. ನಿಮಿಷಕ್ಕೆ ಎರಡು ಸುತ್ತಿನಲ್ಲಿ 1 ಜಿ ಬೇಕೆಂದರೆ ತ್ರಿಜ್ಯ ಸುಮಾರು 224 ಮೀಟರ್ ಇರಬೇಕು. ಆರು ಮೀಟರ್ ತ್ರಿಜ್ಯದ ಪುಟ್ಟ ಚಕ್ರವಾದರೆ ನಿಮಿಷಕ್ಕೆ 12 ಸುತ್ತು. ಅದರಲ್ಲಿ ನಿಂತವನ ತಲೆಯ ಬಳಿ ತೂಕ ಪಾದದ ಬಳಿಗಿಂತ ಶೇಕಡ 30ರಷ್ಟು ಕಡಿಮೆ. ಕತ್ತು ತಿರುಗಿಸಿದರೆ ತಲೆಸುತ್ತು, ವಾಂತಿ.

ಬೆಳಕಿನ ಗೋಡೆ ದಾಟುವಾಗ

ವಾರ್ಪ್‌ನಂತೆ ಗುಳ್ಳೆಯ ದಾರಿ ಹಿಡಿದ ನೌಕೆ ಈ ಜಗತ್ತಿನಲ್ಲೇ ಇರುತ್ತದೆ. ಅದನ್ನು ಬೆನ್ನಟ್ಟಬಹುದು, ದಾರಿಯಲ್ಲಿ ಅಡ್ಡಗಟ್ಟಬಹುದು. ಸ್ಟಾರ್ ವಾರ್ಸ್‌ನ ಹೈಪರ್‌ಸ್ಪೇಸ್ ಬೇರೆಯದೇ ಪದರ. ಆದರೂ ಈ ಜಗತ್ತಿನ ನಕ್ಷತ್ರ, ಗ್ರಹಗಳ ಗುರುತ್ವದ ನೆರಳು ಅಲ್ಲಿಗೂ ಚಾಚಿರುತ್ತದೆ. ಆ ನೆರಳಿಗೆ ಢಿಕ್ಕಿ ಹೊಡೆದರೆ ನೌಕೆ ಚೂರು. ಆದ್ದರಿಂದ ಹೊರಡುವ ಮುನ್ನ ಕಂಪ್ಯೂಟರ್ ದಾರಿ ಲೆಕ್ಕಹಾಕಲೇಬೇಕು. ಸುರಕ್ಷಿತವೆಂದು ತಿಳಿದ ದಾರಿಗಳೇ ಹೆದ್ದಾರಿಗಳಾಗಿ, ಅವುಗಳ ಮೇಲೆ ಹಿಡಿತವಿರುವವರೇ ಶ್ರೀಮಂತರಾಗುತ್ತಾರೆ. ಕೃತಕ ಗುರುತ್ವದ ನೆರಳು ಚೆಲ್ಲಿ ಶತ್ರುವನ್ನು ಹೊರಗೆಳೆಯುವ ಇಂಟರ್‌ಡಿಕ್ಟರ್ ನೌಕೆ ಇದೇ ನಿಯಮದ ನೇರ ಫಲ.

ನಿಯಮವನ್ನು ಸಡಿಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲೇ ಪಾಠವಿದೆ. 2017ರ ಚಿತ್ರದಲ್ಲಿ ಒಂದು ನೌಕೆ ಹೈಪರ್‌ಸ್ಪೇಸ್‌ಗೆ ಜಿಗಿಯುತ್ತಲೇ ಶತ್ರುನೌಕೆಯನ್ನು ಸೀಳುತ್ತದೆ. ದೃಶ್ಯ ಅದ್ಭುತ. ಆದರೆ ಇದು ಸಾಧ್ಯವಿದ್ದರೆ ಎಲ್ಲ ಯುದ್ಧದಲ್ಲೂ ಖಾಲಿ ನೌಕೆಗೆ ಹೈಪರ್‌ಡ್ರೈವ್ ಕಟ್ಟಿ ಎಸೆಯಬಹುದಿತ್ತಲ್ಲ ಎಂಬ ಪ್ರಶ್ನೆ ಏಳದೆ ಇರದು. 2019ರ ಚಿತ್ರ ಅದು ಹತ್ತು ಲಕ್ಷಕ್ಕೊಮ್ಮೆ ಆಗುವಂಥದ್ದು ಎಂದು ಹೇಳಿ ಬಾಗಿಲು ಮುಚ್ಚಬೇಕಾಯಿತು. ಬೆಲೆ ನಿಗದಿ ಮಾಡದ ರಿಯಾಯಿತಿ ಹಿಂದಿನ ಕಥೆಗಳನ್ನೂ ಅಲುಗಿಸುತ್ತದೆ.

ಡ್ಯೂನ್‌ನಲ್ಲಿ ಅವಕಾಶವನ್ನು ಮಡಚುವುದು ಹೋಲ್ಟ್ಸ್‌ಮನ್ ಯಂತ್ರದ ಕೆಲಸ. ಸ್ಪೈಸ್ ಸೇವಿಸುವವನು ನ್ಯಾವಿಗೇಟರ್, ಸುರಕ್ಷಿತ ದಾರಿಯನ್ನು ಮುಂಗಾಣಲು. ಯೋಚಿಸುವ ಯಂತ್ರಗಳಿಗೆ ಆ ಸಮಾಜದಲ್ಲಿ ನಿಷೇಧವಿರುವುದರಿಂದ ಲೆಕ್ಕ ಹಾಕಲು ಕಂಪ್ಯೂಟರ್ ಇಲ್ಲ. ಒಂದೇ ಒಂದು ಭಾಗವನ್ನು ಕಳಚಿದ್ದಕ್ಕೆ ಇಡೀ ಸಾಮ್ರಾಜ್ಯ ಸ್ಪೈಸ್ ಸಿಗುವ ಒಂದು ಗ್ರಹದ ಮೇಲೆ ಮತ್ತು ನೌಕೆ ನಡೆಸುವ ಗಿಲ್ಡ್ ಮೇಲೆ ನಿಂತಿತು.

2004ರ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದ ಜಿಗಿತಕ್ಕೆ ಸಮಯವೇ ತಗಲದು. ಆದರೆ ಲೆಕ್ಕ ತಪ್ಪದ ದೂರಕ್ಕೆ ‘ಕೆಂಪು ಗೆರೆ’ ಇದೆ, ಅದರಾಚೆ ಎಲ್ಲಿ ಬೀಳುತ್ತೇವೋ ಹೇಳಲಾಗದು. ಶತ್ರುವಿನ ವೈರಸ್ ಭಯಕ್ಕೆ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸದ ಹಳೆಯ ನೌಕೆ ಅದು. ಹಿಂಬಾಲಿಸುವವರು 33 ನಿಮಿಷಕ್ಕೊಮ್ಮೆ ಬಂದೆರಗುವ ಪ್ರಸಿದ್ಧ ಕಂತಿನಲ್ಲಿ 237 ಜಿಗಿತ ಆಗಿರುತ್ತವೆ. ಗುಣಿಸಿ ನೋಡಿ, 130 ಗಂಟೆ ನಿದ್ದೆಯಿಲ್ಲ. ಅಲ್ಲಿ ಮೊದಲು ಸೋಲುವ ಭಾಗ ಮನುಷ್ಯ.

ಗೋಡೆಯ ಈಚೆಗೂ ಒಂದು ಅಪಾಯವನ್ನು ಬಹುತೇಕ ಕಥೆಗಳು ಮರೆಯುತ್ತವೆ: ದೂಳು. ಬೆಳಕಿನ ಹತ್ತರಲ್ಲೊಂದು ವೇಗದಲ್ಲಿ ಒಂದು ಮಿಲಿಗ್ರಾಂ ಕಣ ತಗುಲಿದರೆ ನೂರು ಕಿಲೋ ಟಿಎನ್‌ಟಿ ಸಿಡಿದಂತೆ. ಎಂಟರ್‌ಪ್ರೈಸ್ ಎದುರಿಗಿರುವ ದುಂಡನೆಯ ಡಿಫ್ಲೆಕ್ಟರ್ ಅಲಂಕಾರಕ್ಕಲ್ಲ, ದಾರಿ ಗುಡಿಸಲು. ಗುರಾಣಿ ಮತ್ತು ಫಿರಂಗಿಗಳ ಹೋಲಿಕೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಒಂದು ಲೋಕದ ಕಿರಣ ಇನ್ನೊಂದು ಲೋಕದ ಗುರಾಣಿಗೆ ಏನು ಮಾಡೀತು ಎಂದು ಹೇಳುವ ನಿಯಮ ಎರಡು ಕಡೆಯೂ ಇಲ್ಲ.

ವೇಗವನ್ನು ಹೋಲಿಸಲೇಬೇಕೆಂದರೆ ದೂರವನ್ನು ಮೊದಲು ಗೊತ್ತುಮಾಡಿಕೊಳ್ಳಿ. ಅದೇ 22.5 ಕೋಟಿ ಕಿಲೋಮೀಟರ್‌ಗೆ ರೋಸಿನಾಂಟೆ ಮೂರನೇ ಒಂದು ಜಿಯಲ್ಲಿ ಆರು ದಿನ ತೆಗೆದುಕೊಳ್ಳುತ್ತದೆ, ಎಂಟರ್‌ಪ್ರೈಸ್ ಇಂಪಲ್ಸ್‌ನಲ್ಲೇ 50 ನಿಮಿಷ, ಗ್ಯಾಲಕ್ಟಿಕಾ ಲೆಕ್ಕ ಮುಗಿದ ಮರುಕ್ಷಣ. ಫಾಲ್ಕನ್ ಮೊದಲು ಗ್ರಹದ ನೆರಳಿನಿಂದ ಹೊರಬರಬೇಕು. ದೂರವನ್ನು 70,000 ಜ್ಯೋತಿರ್ವರ್ಷಕ್ಕೆ ಹಿಗ್ಗಿಸಿದರೆ ಸಾಲು ತಲೆಕೆಳಗಾಗುತ್ತದೆ. ಟ್ರೆಕ್‌ನ ವಾಯೇಜರ್ ನೌಕೆಗೆ ಮನೆ ಸೇರಲು 75 ವರ್ಷದ ಅಂದಾಜು. ಫಾಲ್ಕನ್ ತಿಳಿದ ಹೆದ್ದಾರಿಯಲ್ಲಿ ಕೆಲವು ದಿನಗಳಲ್ಲೇ ಮುಗಿಸುತ್ತದೆ. ಡ್ಯೂನ್‌ನ ಹೈಲೈನರ್ ನೌಕೆಗೆ ದಾರಿಯಲ್ಲಿ ಕಾಲವೇ ಬೇಡ, ಗಿಲ್ಡ್ ಒಪ್ಪುವವರೆಗೆ ಕಾಯಬೇಕು. ರೋಸಿನಾಂಟೆ ತನ್ನ ಎಂಜಿನ್‌ನಿಂದ ಅಲ್ಲಿಗೆ ಹೋಗುವುದೇ ಇಲ್ಲ. ಬೇರೆ ಯಾರೋ ಕಟ್ಟಿಟ್ಟ ಉಂಗುರದ್ವಾರ ದಾಟಿದರಷ್ಟೇ ದೂರದ ನಕ್ಷತ್ರಗಳು ಅದಕ್ಕೆ ಎಟುಕುತ್ತವೆ, ಅದೂ ದ್ವಾರ ಎಲ್ಲಿ ತೆರೆದುಕೊಳ್ಳುತ್ತದೋ ಅಲ್ಲಿ ಮಾತ್ರ.